ಮಠದ ಗೋಡೆ, ಶಾಲೆಯ ಗಂಟೆ
(ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರ ಕುರಿತ ಉಪನ್ಯಾಸ)

ಹಿರಿಯರೇ, ಧರ್ಮಭಗಿನಿಯರೇ, ಗೆಳೆಯರೇ,

ನನ್ನ ಅಜ್ಜಿಯ ಟ್ರಂಕಿನಲ್ಲಿ ಒಂದು ಬಿಳಿ ಬಟ್ಟೆಯ ತುಂಡಿತ್ತು. ಅದರ ಮೇಲೆ ಕೆಂಪು ದಾರದಲ್ಲಿ ಅ, ಆ, ಇ, ಈ ಹೊಲಿದಿದ್ದರು. ಕಾನ್ವೆಂಟ್ ಶಾಲೆಯ ಹೊಲಿಗೆ ಪೀರಿಯಡ್ಡಿನಲ್ಲಿ ಮಾಡಿದ್ದು. ಸಿಸ್ಟರು ಬಟ್ಟೆ ಕೈಗೆ ತೆಗೆದುಕೊಂಡರೆ ಮೊದಲು ಹಿಂಬದಿ ತಿರುಗಿಸಿ ನೋಡುತ್ತಿದ್ದರಂತೆ. ಅಲ್ಲಿ ಗಂಟು ಕಂಡಿತೋ, ಅಷ್ಟನ್ನೂ ಬಿಚ್ಚಿ ಮತ್ತೆ ಹೊಲಿಯಬೇಕು. ಇದನ್ನು ಹೇಳುವಾಗ ಅಜ್ಜಿಯ ಮುಖ ಅರಳುತ್ತಿತ್ತು. ಆ ಸಿಸ್ಟರುಗಳು ಎಲ್ಲಿಂದ ಬಂದವರು ಎಂದು ಹುಡುಕುತ್ತ ಹೋದಾಗ ನನಗೆ ಸಿಕ್ಕಿದ್ದು ಅಪೊಸ್ತಲಿಕ್ ಕಾರ್ಮೆಲ್ ಎಂಬ ಕಥೋಲಿಕ ಭಗಿನಿಯರ ಸಭೆಯ ಕಥೆ.

ಅದು ಶುರುವಾಗುವುದು ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ. 1823ರಲ್ಲಿ ಅಲ್ಲಿ ಸೋಫಿ ಲೀವ್ಸ್ ಹುಟ್ಟಿದರು. ತಂದೆ ಆಂಗ್ಲಿಕನ್ ಪಾದ್ರಿ, ಬೈಬಲ್ ಸೊಸೈಟಿಯ ಕೆಲಸದಲ್ಲಿದ್ದವರು. ಅಂಥ ಮನೆಯ ಮಗಳು 1850ರಲ್ಲಿ ಮಾಲ್ಟಾದಲ್ಲಿ ಕಥೋಲಿಕ ಧರ್ಮಸಭೆಗೆ ಬಂದರು. ಮರುವರ್ಷ ಸಂತ ಜೋಸೆಫರ ಭಗಿನಿಯರ ಸಭೆ ಸೇರಿ ಸಿಸ್ಟರ್ ವೆರೋನಿಕಾ ಆದರು. 1862ರಲ್ಲಿ ಕಲ್ಲಿಕೋಟೆಗೆ ಬಂದರು. ಇದೇ ಕರಾವಳಿಯಲ್ಲಿ ಸೇವೆಯಲ್ಲಿದ್ದ, ಮುಂದೆ ಮಂಗಳೂರಿನ ಧರ್ಮಾಧ್ಯಕ್ಷರಾದ ಕಾರ್ಮೆಲೈಟ್ ಪಾದ್ರಿ, ಅಂದರೆ ಕಾರ್ಮೆಲ್ ಎಂಬ ಕಥೋಲಿಕ ಸಂನ್ಯಾಸಿ ಪರಂಪರೆಗೆ ಸೇರಿದ ಮರಿ ಎಫ್ರೆಮ್ ಅವರಿಗೆ ಒಂದು ಹಂಬಲವಿತ್ತು: ಕಾರ್ಮೆಲಿನ ಪ್ರಾರ್ಥನೆಯಲ್ಲಿ ಬೆಳೆದ ಭಗಿನಿಯರೇ ಇಲ್ಲಿನ ಹೆಣ್ಣುಮಕ್ಕಳಿಗೆ ಪಾಠ ಹೇಳಬೇಕು.

ಇದರಲ್ಲಿ ಅಂಥದ್ದೇನಿದೆ ಎಂದು ಇಂದು ನಮಗೆ ಅನ್ನಿಸಬಹುದು. ಆದರೆ ಕಾರ್ಮೆಲ್ ಎಂದರೆ ಎತ್ತರದ ಗೋಡೆಯ ಮಠ. ಒಳಗೆ ಹೋದವರು ಹೊರಗೆ ಬರುವುದಿಲ್ಲ. ಆಗೆಲ್ಲ ನೋಡಲು ಬಂದವರೊಡನೆ ಮಾತೂ ಕಬ್ಬಿಣದ ಸರಳುಗಳ ಆಚೆಯಿಂದಲೇ. ಸಂನ್ಯಾಸಿನಿಯರೆಲ್ಲರೂ ಮಠದೊಳಗೇ ಇರಬೇಕೆಂದು ಜಗದ್ಗುರು (ಪೋಪ್) ಎಂಟನೆಯ ಬೋನಿಫಾಸ್ 1298ರಲ್ಲೇ ವಿಧಿಸಿದ್ದರು, 1563ರಲ್ಲಿ ಟ್ರೆಂಟ್ ನಗರದಲ್ಲಿ ಸೇರಿದ್ದ ಧರ್ಮಾಧ್ಯಕ್ಷರ ಮಹಾಸಭೆ ಅದನ್ನೇ ಮತ್ತೆ ಬಿಗಿಗೊಳಿಸಿತ್ತು. ಶಾಲೆ, ಆಸ್ಪತ್ರೆ ಎಂದು ಊರಿನ ನಡುವೆ ದುಡಿಯುವ ಭಗಿನಿಯರ ಸಭೆಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಬೇಕಾದಷ್ಟು ಹುಟ್ಟಿದವು, ನಿಜ. ಆದರೂ ಧರ್ಮಸಭೆಯ ಕಾನೂನು ಅವರನ್ನು ಪೂರ್ಣ ಅರ್ಥದ ವ್ರತಧಾರಿಗಳೆಂದು ಒಪ್ಪಿಕೊಂಡದ್ದು 1900ರಲ್ಲಿ, ಹದಿಮೂರನೆಯ ಲಿಯೋ ಅವರ ಕಾಲದಲ್ಲಿ. ಮದರ್ ವೆರೋನಿಕಾ ಅದಕ್ಕೆ ಮೂವತ್ತೆರಡು ವರ್ಷ ಮೊದಲೇ ಹೆಜ್ಜೆ ಇಟ್ಟಿದ್ದರು. ಕಾರ್ಮೆಲಿನ ಜೀವನವನ್ನು ಒಳಗಿನಿಂದ ಕಲಿಯಲೆಂದು ಮೊದಲು ಫ್ರಾನ್ಸಿನ ಪೋ ಊರಿನ ಮಠ ಸೇರಿದರು. ಆಮೇಲೆ 1868ರ ಜುಲೈ 16ರಂದು, ಕಾರ್ಮೆಲ್ ಮಾತೆಯ ಹಬ್ಬದ ದಿನ, ಬಯೋನ್ ಪಟ್ಟಣದಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಆರಂಭಿಸಿದರು. ಕಾರ್ಮೆಲಿನ ಮೌನ, ಧ್ಯಾನ ಉಳಿಯಬೇಕು, ಶಾಲೆಯ ಗಂಟೆಯೂ ಬಾರಿಸಬೇಕು. ಎರಡನ್ನೂ ಒಂದೇ ದಿನದೊಳಗೆ ಹೊಂದಿಸಿಕೊಳ್ಳುವುದು ಸುಲಭವಲ್ಲ. ಇಲ್ಲಿ ಕುಳಿತಿರುವ ಸಿಸ್ಟರುಗಳಿಗೆ ಅದು ನನಗಿಂತ ಚೆನ್ನಾಗಿ ಗೊತ್ತು.

1870ರ ಆಗಸ್ಟಿನಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾದ ನಡುವೆ ಯುದ್ಧ ನಡೆಯುತ್ತಿರುವಾಗಲೇ ಮಾರ್ಸೇ ಬಂದರಿನಿಂದ ಒಂದು ತಂಡ ಹೊರಟಿತು. ಅದರಲ್ಲಿ ಮಂಗಳೂರಿನಲ್ಲಿ ಮಠ ಕಟ್ಟಲು ಪೋದಿಂದ ಹೊರಟ ಸಂನ್ಯಾಸಿನಿಯರಿದ್ದರು, ಬಯೋನಿನ ಮೂವರು ಭಗಿನಿಯರೂ ಇದ್ದರು. ದಾರಿಯ ಸೆಕೆ, ಕಾಯಿಲೆ ತಾಳಲಾರದೆ ಮೂವರು ಸಂನ್ಯಾಸಿನಿಯರು ಮಂಗಳೂರು ತಲುಪುವ ಮೊದಲೇ ತೀರಿಕೊಂಡರು. ಗಲಿಲಾಯದ ಬಡ ಅರಬ್ ಹುಡುಗಿ ಮರಿಯಮ್ ಬವಾರ್ದಿ ಕೂಡ ಆ ತಂಡದಲ್ಲಿದ್ದಳು. ಆಕೆ ಮಂಗಳೂರಿನಲ್ಲೇ ತನ್ನ ವ್ರತ ಸ್ವೀಕರಿಸಿದಳು; 2015ರಲ್ಲಿ ಸಂತಳೆಂದು ಘೋಷಿತಳಾದಳು. ನಮ್ಮ ಊರಿನ ಮಣ್ಣು ಮೆಟ್ಟಿದ ಈ ಸಂತಳ ಬಗ್ಗೆ ಕನ್ನಡದಲ್ಲಿ ಇನ್ನಷ್ಟು ಬರೆಯಬೇಕಿತ್ತು ಎಂಬ ಕೊರಗು ನನಗಿದೆ.

ನವೆಂಬರ್ 19ರಂದು ತಂಡ ಮಂಗಳೂರು ಮುಟ್ಟಿತು. ಮದರ್ ಮೇರಿ ಆಫ್ ದಿ ಏಂಜಲ್ಸ್ ಮೂವರು ಭಗಿನಿಯರಿಗೆ ಹಿರಿಯರು. ಆಗ ಇದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ. ಪ್ರೊಟೆಸ್ಟೆಂಟ್ ಪಂಥದ ಬಾಸೆಲ್ ಮಿಶನ್ನಿನವರು ಹೆಣ್ಣುಮಕ್ಕಳ ಶಾಲೆಗಳನ್ನು ಅದಾಗಲೇ ನಡೆಸುತ್ತಿದ್ದರು, ಅದನ್ನು ಮರೆಯಬಾರದು. ಮಂಗಳೂರಿನ ಸಂತ ಆ್ಯನ್ಸ್ ಕಾನ್ವೆಂಟಿನಲ್ಲಿ ಭಗಿನಿಯರ ಕೆಲಸ ಬೇರೂರಿತು. ಎಲ್ಲರೂ ಕಾನ್ವೆಂಟಿನ ಇಂಗ್ಲಿಷನ್ನು ಹೊಗಳುತ್ತಾರೆ. ನನ್ನ ಮಟ್ಟಿಗೆ ಅವರು ಮಾಡಿದ ಅತಿ ದೊಡ್ಡ ಕೆಲಸ ಶಿಕ್ಷಕಿಯರ ತರಬೇತಿ. ಪಾಠ ಹೇಳುವವರು ಹೆಂಗಸರಾದರೆ ಮಗಳನ್ನು ಕಳಿಸಲು ಅಪ್ಪಂದಿರ ಮನಸ್ಸು ಹಗುರಾಗುತ್ತಿತ್ತು. ತರಬೇತಿ ಪಡೆದ ಒಬ್ಬ ಟೀಚರಮ್ಮ ಹಳ್ಳಿಯ ಶಾಲೆಗೆ ಹೋಗಿ ನಿಂತರೆ, ಆ ಊರಿನ ಎರಡು ಮೂರು ತಲೆಮಾರು ಅವರ ಕೈಯಲ್ಲೇ ಅಕ್ಷರ ತಿದ್ದುತ್ತಿತ್ತು.

ಇತ್ತ ಬಯೋನಿನ ಮನೆ ಕೆಲವೇ ವರ್ಷಗಳಲ್ಲಿ ಮುಚ್ಚಿತು. ಮದರ್ ವೆರೋನಿಕಾ ಪೋದ ಮಠಕ್ಕೆ ಮರಳಿದರು. ಬೆತ್ಲೆಹೇಮಿನ ಮಠದಲ್ಲೂ ಕೆಲವು ಕಾಲ ಇದ್ದರು. ಭಾರತಕ್ಕೆ ಮತ್ತೆ ಬರಲಿಲ್ಲ. ಬೇರೆಯವರನ್ನು ಗೋಡೆಯಾಚೆಯ ಕೆಲಸಕ್ಕೆ ಅಣಿಮಾಡಿದಾಕೆ ತಾವು ಗೋಡೆಯೊಳಗೆ ಪ್ರಾರ್ಥಿಸುತ್ತ ಉಳಿದು, 1906ರ ನವೆಂಬರ್ 16ರಂದು ಪೋದಲ್ಲಿ ಕಣ್ಣುಮುಚ್ಚಿದರು. ಈ ಸಂಗತಿ ಓದಿದಾಗಲೆಲ್ಲ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಡುತ್ತೇನೆ. 2014ರಲ್ಲಿ ಜಗದ್ಗುರು ಫ್ರಾನ್ಸಿಸರು ಮದರ್ ವೆರೋನಿಕಾ ಅವರನ್ನು ಪೂಜ್ಯರೆಂದು ಘೋಷಿಸಿದರು; ಸಂತ ಪದವಿಯ ದಾರಿಯಲ್ಲಿ ಅದು ಒಂದು ಮೆಟ್ಟಿಲು.

ಅವರು ತೀರಿಕೊಂಡ ಹದಿನೈದು ವರ್ಷಕ್ಕೆ, 1921ರಲ್ಲಿ, ಇದೇ ಸಭೆಯ ಮದರ್ ಅಲೋಶಿಯಾ ಮಂಗಳೂರಿನಲ್ಲಿ ಸಂತ ಆಗ್ನೆಸ್ ಕಾಲೇಜು ತೆರೆದರು. ಹೈಸ್ಕೂಲು ಮುಗಿಸಿದ ಹುಡುಗಿ ಪದವಿ ಓದಲು ಮದ್ರಾಸಿನಂಥ ದೂರದ ಊರಿಗೆ ಹೋಗಬೇಕಿದ್ದ ಕಾಲ ಅದು. ಎಷ್ಟು ಮನೆಯವರು ಕಳಿಸಿಯಾರು? ಮುಂದೆ 1940ರಲ್ಲಿ ಪಾಟ್ನಾದ ಮಹಿಳಾ ಕಾಲೇಜು ಬಂತು. ತ್ರಿಶೂರಿನಲ್ಲಿ ಶುರುವಾದ ಮೌಂಟ್ ಕಾರ್ಮೆಲ್ ಕಾಲೇಜು 1948ರಲ್ಲಿ ಬೆಂಗಳೂರಿಗೆ ಬಂತು. ಶ್ರೀಲಂಕಾ, ಕುವೈತ್, ಕೀನ್ಯಾದವರೆಗೂ ಭಗಿನಿಯರು ಹೋಗಿದ್ದಾರೆ.

ಕಾಲೇಜುಗಳ ಇತಿಹಾಸ ಶತಮಾನೋತ್ಸವದ ಸಂಚಿಕೆಗಳಲ್ಲಿ ಸಿಗುತ್ತದೆ. ಹಳ್ಳಿಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಒಂದನೆಯ ಕ್ಲಾಸಿಗೆ ಕಲಿಸಿದ ಸಿಸ್ಟರ ಕಥೆ ಎಲ್ಲೂ ಇಲ್ಲ. ಅವರ ಕೈಯಲ್ಲಿ ಕಲಿತ ಅಜ್ಜಿಯರು, ಅಮ್ಮಂದಿರು ನಿಮ್ಮ ಮನೆಗಳಲ್ಲಿದ್ದಾರೆ. ಇವತ್ತು ಮನೆಗೆ ಹೋದ ಮೇಲೆ ಅವರ ಪಕ್ಕ ಕುಳಿತು ಕೇಳಿ, ಕೇಳಿದ್ದನ್ನು ಬರೆದಿಡಿ. ನನಗೆ ಒಂದು ಪ್ರತಿ ಕೊಟ್ಟರೆ ಕಣ್ಣಿಗೊತ್ತಿಕೊಂಡು ಇಟ್ಟುಕೊಳ್ಳುತ್ತೇನೆ. ನಮಸ್ಕಾರ.