ಕುರ್ಚಿ ಕೊಳ್ಳುವ ಮೊದಲು ಮೇಜನ್ನು ಅಳೆಯಿರಿ

ಈ ವಿಡಿಯೊದಲ್ಲಿ ಈಗ ನೀವು ನೋಡುತ್ತಿರುವುದು ನಮ್ಮ ಊಟದ ಮೇಜು. ನೆಲದಿಂದ ಅದರ ಎತ್ತರ 75 ಸೆಂಟಿಮೀಟರ್. ಮಗುವಿಗೆ ಹೈ ಚೇರ್, ಅಂದರೆ ಕೂರಿಸಿ ಉಣಿಸುವ ಎತ್ತರದ ಕುರ್ಚಿ, ತರಲು ಹೊರಟವರು ಎಲ್ಲಕ್ಕಿಂತ ಮೊದಲು ಈ ಅಳತೆಯನ್ನು ಬರೆದಿಟ್ಟುಕೊಳ್ಳಬೇಕು ಎಂಬುದು ನನಗೆ ಅರ್ಥವಾದದ್ದು ಒಂದು ಕುರ್ಚಿಯನ್ನು ಕೊಂಡು, ಅದರೊಂದಿಗೆ ಹಲವು ತಿಂಗಳು ಹೆಣಗಾಡಿದ ಮೇಲೆ.

ಮಗಳಿಗೆ ಆರು ತಿಂಗಳು ತುಂಬಿ ಅನ್ನಪ್ರಾಶನವಾದ ಹೊಸದರಲ್ಲಿ ನನ್ನ ಅಮ್ಮ ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಒಳಲೆಯಲ್ಲಿ ರಾಗಿ ಸರಿ ಕುಡಿಸುತ್ತಿದ್ದರು. ಮಲಗಿದ ಮಗುವಿನ ಬಾಯಿಗೆ ಆಹಾರ ಹಾಕಿದರೆ ಅದು ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯ ಹೆಚ್ಚು ಎಂದು ನಾನು ಒತ್ತಾಯಿಸಿದಾಗ, ಕೊಂಚ ಮುನಿಸಿಕೊಂಡೇ ಒಪ್ಪಿದರು. ಘನ ಆಹಾರವನ್ನು ಆರು ತಿಂಗಳ ಹೊತ್ತಿಗೆ ಆರಂಭಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ ನಿಜ, ಆದರೆ ಕುರ್ಚಿಯಲ್ಲಿ ಕೂರಿಸುವುದಕ್ಕೆ ವಯಸ್ಸೊಂದೇ ಸಾಲದು. ಕತ್ತು ಗಟ್ಟಿಯಾಗಿ ನಿಲ್ಲಬೇಕು, ಸ್ವಲ್ಪ ಆಸರೆ ಕೊಟ್ಟರೆ ಬೆನ್ನು ನೆಟ್ಟಗಿರಬೇಕು. ಹಿಂದಕ್ಕೆ ಒರಗುವ ಸೌಲಭ್ಯವನ್ನು ಕೆಲವು ಕುರ್ಚಿಗಳ ಜಾಹೀರಾತಿನಲ್ಲಿ ದೊಡ್ಡದಾಗಿ ತೋರಿಸುತ್ತಾರೆ. ಉಣಿಸುವ ಹೊತ್ತಿನಲ್ಲಿ ಅದನ್ನು ಬಳಸುವಂತಿಲ್ಲವಾದ್ದರಿಂದ ಅದಕ್ಕಾಗಿ ನಾನು ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಲಾರೆ.

ನಮ್ಮ ಮೊದಲ ಕುರ್ಚಿ ‘ತ್ರೀ ಇನ್ ಒನ್’ ಎಂಬ ಹೆಸರಿನದು. ಕಾಲುಗಳನ್ನು ಬಿಚ್ಚಿದರೆ ನೆಲಮಟ್ಟದ ಕುರ್ಚಿ, ಮೇಲಿನ ಭಾಗವನ್ನಷ್ಟೇ ದೊಡ್ಡವರ ಕುರ್ಚಿಗೆ ಬೆಲ್ಟಿನಿಂದ ಕಟ್ಟಿದರೆ ಬೂಸ್ಟರ್ ಸೀಟು. ಮೂರು ರೂಪಗಳನ್ನೂ ಆಸೆಯಿಂದ ಬಳಸಿದೆವು. ಆದರೆ ಪಾದ ಊರುವ ಹಲಗೆ ಒಂದೇ ಕಡೆ ಕದಲದಂತೆ ಕೂತಿತ್ತು. ಏಳನೇ ತಿಂಗಳಲ್ಲಿ ಮಗಳ ಕಾಲು ಅದಕ್ಕೆ ಎಟುಕುತ್ತಿರಲಿಲ್ಲ, ಬೂಸ್ಟರ್ ಆದಾಗಲಂತೂ ಹಲಗೆಯೇ ಇರುತ್ತಿರಲಿಲ್ಲ. ನಾಲ್ಕು ತುತ್ತು ತಿನ್ನುವಷ್ಟರಲ್ಲಿ ಅವಳು ಒಂದು ಪಕ್ಕಕ್ಕೆ ವಾಲುತ್ತಿದ್ದಳು, ಕೆಳಗೆ ಜಾರುತ್ತಿದ್ದಳು, ಇಳಿಸು ಎಂದು ಅಳುತ್ತಿದ್ದಳು. ಹಸಿವಿಲ್ಲವೇನೋ ಎಂದು ನಾನು ಭಾವಿಸಿದೆ.

ಒಂದು ದಿನ ಇದನ್ನು ನೋಡುತ್ತಿದ್ದ ಅಮ್ಮ, “ನಿನ್ನನ್ನ ಕಾಲು ಎಟುಕದ ಸ್ಟೂಲ್ ಮೇಲೆ ಕೂರಿಸಿ ಉಣ್ಣು ಅಂದ್ರೆ ಉಣ್ತೀಯೇನೇ? ಮಗೂಗೆ ಕಾಲಿಗೊಂದು ಆಸರೆ ಕೊಡು” ಎಂದವರೇ, ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಬಟ್ಟೆಗಳನ್ನು ಒತ್ತಾಗಿ ತುಂಬಿ, ಅದರ ಮೇಲೆ ಊರಿನಿಂದ ತಂದಿದ್ದ ಹಳೆಯ ಮಣೆಯನ್ನಿಟ್ಟು ಮಗಳ ಪಾದಗಳ ಕೆಳಗೆ ಸರಿಸಿದರು. ಪಾದ ಊರಿದ ಮೇಲೆ ಅವಳ ಮೈ ನಿಂತಿತು, ಎರಡೂ ಕೈಗಳು ತಟ್ಟೆಗೆ ಬಂದವು. ಪಾದಕ್ಕೆ ನೆಲೆಯಿಲ್ಲದಿದ್ದರೆ ಬೀಳದಂತೆ ಮೈಯನ್ನು ಹಿಡಿದುಕೊಳ್ಳುವುದರಲ್ಲೇ ಮಗುವಿನ ಶಕ್ತಿ ಖರ್ಚಾಗುತ್ತದೆ. ಅಗಿಯುವುದು, ನುಂಗುವುದು, ಬೆರಳಿನಿಂದ ಹೆಕ್ಕುವುದು ಆಮೇಲಿನ ಮಾತು. ನಮ್ಮ ಕುರ್ಚಿ ಮೂರು ವೇಷ ಹಾಕುತ್ತಿತ್ತು, ಆದರೆ ಕಾಲು ಉದ್ದವಾದಂತೆ ಬದಲಾಗುವ ಭಾಗ ಅದರಲ್ಲಿ ಒಂದೂ ಇರಲಿಲ್ಲ.

ನಾರ್ವೆಯ ವಿನ್ಯಾಸಕಾರ ಪೀಟರ್ ಓಪ್ಸ್‌ವಿಕ್ ಕೂಡ ತನ್ನ ಪುಟ್ಟ ಮಗ ಊಟದ ಮೇಜಿನ ಬಳಿ ಕಾಲು ಜೋತುಬಿಟ್ಟು ಕಷ್ಟಪಡುವುದನ್ನು ಕಂಡೇ ‘ಟ್ರಿಪ್ ಟ್ರ್ಯಾಪ್’ ಎಂಬ ಮರದ ಕುರ್ಚಿಯನ್ನು ರೂಪಿಸಿದರು. 1972ರಲ್ಲಿ ಮಾರುಕಟ್ಟೆಗೆ ಬಂದ ಆ ಕುರ್ಚಿಯಲ್ಲಿ ಕೂರುವ ಹಲಗೆ, ಪಾದದ ಹಲಗೆ ಎರಡನ್ನೂ ಓರೆಯಾಗಿ ನಿಂತ ಕಂಬಗಳ ಸೀಳುಗಳಲ್ಲಿ ಬೇಕಾದ ಮಟ್ಟಕ್ಕೆ ಏರಿಸಿ ಇಳಿಸಬಹುದು, ಆದ್ದರಿಂದ ದೊಡ್ಡವರೂ ಅದರಲ್ಲಿ ಕೂರಬಹುದು. ಬೆಲೆ ಕೇಳಿದರೆ ಮಾತ್ರ ಎದೆ ಝಲ್ಲೆನ್ನುತ್ತದೆ. ಅದೇ ಬಗೆಯ ಕುರ್ಚಿಗಳನ್ನು ಈಗ ಹಲವರು ತಯಾರಿಸುತ್ತಾರೆ. ನಾವು ತಂದದ್ದು ಅಂಥದ್ದೊಂದನ್ನು, ರಬ್ಬರ್ ಮರದ್ದು.

ಈ ದೃಶ್ಯದಲ್ಲಿ ನಾನು ಟೇಪು ಹಿಡಿದಿರುವುದು ಕುಳಿತ ಮಗಳ ಪೃಷ್ಠದಿಂದ ಮೊಣಕೈವರೆಗೆ. ಒಂದು ವರ್ಷವಾದಾಗ ಅದು 16 ಸೆಂಟಿಮೀಟರ್ ಇತ್ತು. ಮೊಣಕೈ ಮೇಜಿನ ಮಟ್ಟಕ್ಕೆ ಬರಬೇಕಾದರೆ 75ರಲ್ಲಿ 16 ಕಳೆದು, ಕೂರುವ ಹಲಗೆ 59ರ ಆಸುಪಾಸಿನಲ್ಲಿರಬೇಕು. ದೊಡ್ಡವರು ಕೂರುವ ನಮ್ಮ ಊಟದ ಕುರ್ಚಿಗಳು 45ರಷ್ಟೇ ಎತ್ತರವಿರುವುದರಿಂದ ಅವುಗಳಲ್ಲಿ ಕೂತ ಮಕ್ಕಳ ಗದ್ದ ಮೇಜಿನ ಅಂಚಿಗೆ ತಾಗುತ್ತದೆ. ಮಂಡಿ ಲಂಬಕೋನದಲ್ಲಿ ಮಡಿಸಿ, ಅಂಗಾಲು ಪೂರ್ತಿ ಊರುವಂತೆ ಪಾದದ ಹಲಗೆಯನ್ನು ಇಡಬೇಕು. ಮಂಡಿಯ ಹಿಂಭಾಗಕ್ಕೂ ಸೀಟಿನ ಅಂಚಿಗೂ ನಡುವೆ ಎರಡು ಬೆರಳು ಜಾಗ ಉಳಿದರೆ ಸೀಟಿನ ಆಳವೂ ಸರಿಯಾಗಿದೆ ಎಂದರ್ಥ.

ಬೆಲ್ಟಿನ ವಿಷಯದಲ್ಲಿ ರಾಜಿ ಬೇಡ. ಎರಡು ಭುಜ, ಎರಡು ಸೊಂಟ, ಕಾಲುಗಳ ನಡುವೆ ಒಂದು, ಹೀಗೆ ಐದು ಕಡೆ ಹಿಡಿಯುವ ಬೆಲ್ಟ್ ಚಿಕ್ಕ ಮಗುವಿಗೆ ಒಳ್ಳೆಯದು. ಮುಂದಿನ ಟ್ರೇಯೇ ತಡೆಯುತ್ತದೆ ಎಂದು ನಂಬಿದರೆ ಮಗು ಅದರಡಿಯಿಂದ ಜಾರಬಹುದು. ಮಕ್ಕಳು ಮೇಜಿಗೆ ಕಾಲು ಕೊಟ್ಟು ಒದ್ದರೆ ಕುರ್ಚಿ ಹಿಂದಕ್ಕೆ ಮಗುಚುವ ಅಪಾಯವೂ ಉಂಟು, ಹಾಗಾಗಿ ತಳ ಅಗಲವಾಗಿರಬೇಕು. ಚೀಟಿಯ ಮೇಲೆ ಯುರೋಪಿನ ಇಎನ್ 14988 ಅಥವಾ ಅಮೆರಿಕದ ಎಎಸ್‌ಟಿಎಂ ಎಫ್404 ಎಂಬ ಹೈ ಚೇರ್ ಸುರಕ್ಷತಾ ಮಾನಕದ ಉಲ್ಲೇಖವಿದೆಯೇ ಎಂದು ನಾನು ನೋಡಿದೆ, ನೀವೂ ನೋಡಿ.

ಮೆತ್ತೆಯ ಹೊಲಿಗೆಯೊಳಗೆ ಒಣಗಿದ ರಾಗಿ ಸರಿ ಸಿಮೆಂಟಿನಂತೆ ಕಚ್ಚಿಕೊಳ್ಳುತ್ತದೆ, ಆದ್ದರಿಂದ ಮೆತ್ತೆಯಿಲ್ಲದ ಕುರ್ಚಿಯೇ ಲೇಸು. ಬಿಳಿ ಟ್ರೇಗೆ ಹತ್ತಿದ ಬೇಳೆ ಸಾರಿನ ಅರಿಸಿನವನ್ನು ಮಾತ್ರ ತಿಕ್ಕುತ್ತಾ ಕೂರಬೇಡಿ, ಒಂದೆರಡು ದಿನ ಬಿಸಿಲಿಗಿಟ್ಟರೆ ಕಲೆ ತಾನಾಗಿಯೇ ಮಾಸುತ್ತದೆ.

ಮಗಳಿಗೆ ಈಗ ಎರಡೂಕಾಲು ವರ್ಷ. ಕಳೆದ ವಾರದಿಂದ ಅವಳ ಮಂಡಿ ಮೇಜಿನ ಅಡಿಗೆ ತಾಗುತ್ತಿರುವುದರಿಂದ ಇಂದು ಎರಡೂ ಹಲಗೆಗಳನ್ನು ಒಂದೊಂದು ಸೀಳು ಕೆಳಗಿಳಿಸುತ್ತಿದ್ದೇನೆ. ಇಳಿಸಿದ ಮೇಲೆ ಸ್ಕ್ರೂಗಳನ್ನು ಬಿಗಿ ಮಾಡಿ, ನಾನೇ ಹಲಗೆಯ ಮೇಲೆ ಎರಡೂ ಕೈ ಊರಿ ಭಾರ ಹಾಕಿ ನೋಡುತ್ತೇನೆ. ಅದು ಕದಲದಿದ್ದರೆ ಮಾತ್ರ ಅವಳನ್ನು ಕೂರಿಸುತ್ತೇನೆ. ಬೇಡವಾದ ಮಣೆಯನ್ನು ಅಮ್ಮ ಮತ್ತೆ ಊರಿಗೆ ತೆಗೆದುಕೊಂಡು ಹೋಗಿದ್ದಾರೆ.