ಹಾವುರಾಣಿ ಅಲ್ಲ, ಅದಕ್ಕೆ ಶ್ವಾಸಕೋಶವೂ ಇಲ್ಲ

ಮೂಡಿಗೆರೆ, ಜುಲೈ ತಿಂಗಳು. ನಿನ್ನೆಯಿಂದ ಕರೆಂಟಿಲ್ಲ. ಮೈಕ್‌ಗೆ ಪ್ಲಾಸ್ಟಿಕ್ ಕವರ್ ಸುತ್ತಿದ್ದೆ, ಈಗ ಕೇಳ್ತಿರೋ ಟಪಟಪ ಅದರದ್ದೇ. ಸಹಿಸ್ಕೊಳ್ಳಿ.

ಮೊದಲು ತಪ್ಪೊಪ್ಪಿಗೆ. ಹೋದ ವಿಡಿಯೋದಲ್ಲಿ ಕಾಫಿ ಗಿಡದ ಬುಡದಲ್ಲಿ ಸರ್ರಂತ ಓಡಿದ್ದನ್ನ ಸಾಲಮಾಂಡರ್ ಅಂದುಬಿಟ್ಟಿದ್ದೆ. ಚಿಕ್ಕಪ್ಪ ನೋಡಿ ನಕ್ಕರು. “ಲೇ, ಅದು ಹಾವುರಾಣಿ ಕಣೋ. ಹುಟ್ಟಿದಾಗಿಂದ ನೋಡ್ತಿದೀಯಲ್ಲ!” ಹೌದು, ಹಾವುರಾಣಿ. ಅದರ ಮೈಮೇಲೆ ಹೊಳೆಯೋ ಹುರುಪೆ ಇರುತ್ತೆ, ಬಿಸಿಲು ಕಾಯಿಸೋಕೆ ಬರುತ್ತೆ. ಸಾಲಮಾಂಡರ್‌ಗೆ ಬಾಲ ಇದ್ದರೂ ಅದು ಕಪ್ಪೆಗಳ ಕಡೆಯ ನೆಂಟ, ಬರೀ ಒದ್ದೆ ಚರ್ಮ. ನಮ್ಮ ಪಶ್ಚಿಮ ಘಟ್ಟದಲ್ಲಿ ಒಂದೂ ಇಲ್ಲ. ನೋಡ್ಬೇಕಂದ್ರೆ ಡಾರ್ಜಿಲಿಂಗ್, ಈಶಾನ್ಯದ ಕಡೆ ಹೋಗ್ಬೇಕು.

ತಪ್ಪು ತಿದ್ಕೊಳ್ಳೋಣ ಅಂತ ಓದೋಕೆ ಕೂತೋನು ಶ್ವಾಸಕೋಶವೇ ಇಲ್ಲದ ಸಾಲಮಾಂಡರ್‌ಗಳ ಹತ್ತಿರ ಬಂದು ನಿಂತೆ. ಪ್ಲೆಥೊಡಾಂಟಿಡೆ ಅಂತ ಕುಟುಂಬದ ಹೆಸರು. ಸುಮಾರು 500 ಜಾತಿ, ಲೋಕದ ಸಾಲಮಾಂಡರ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇವೇ! ಉಸಿರಾಟ ಚರ್ಮದಿಂದ, ಬಾಯೊಳಗಿನ ಪೊರೆಯಿಂದ. ಮೈ ಒಣಗಿತೋ, ಉಸಿರು ಕಟ್ಟಿತು ಅಂತಲೇ ಲೆಕ್ಕ. ಮೊಟ್ಟೆಯೊಳಗೆ ಶ್ವಾಸಕೋಶ ಮೊಳೆಯೋಕೆ ಶುರುವಾಗಿ, ಆಮೇಲೆ ಕರಗಿಹೋಗುತ್ತೆ ಅಂತ 2022ರಲ್ಲಿ ಬಂದ ಒಂದು ಅಧ್ಯಯನ ಹೇಳುತ್ತೆ.

ಹೆಚ್ಚಿನವು ಅಮೆರಿಕ ಖಂಡಗಳಲ್ಲೇ. ಯುರೋಪಿನಲ್ಲಿ ಇಟಲಿ, ಫ್ರಾನ್ಸ್ ಕಡೆ ಕೆಲವು. ಏಷ್ಯಾಕ್ಕೆ ಒಂದೇ ಒಂದು, ಕೊರಿಯಾದ್ದು. ಅದೂ ಲೋಕಕ್ಕೆ ಗೊತ್ತಾಗಿದ್ದು 2005ರಲ್ಲಿ. ಟೆಕ್ಸಾಸ್‌ನಲ್ಲಿ ನೆಲದಡಿಯ ನೀರಲ್ಲಿ ಕುರುಡಾಗಿ ಬಾಳೋದಿದೆ. ಕ್ಯಾಲಿಫೋರ್ನಿಯಾದಲ್ಲಿ ರೆಡ್‌ವುಡ್ ಮರಗಳ ನೆತ್ತಿಯಲ್ಲಿರೋದೂ ಇದೆ.

ನನಗೆ ಹಿಡಿಸಿದ್ದು ಅಮೆರಿಕದ ಅಪಲೇಚಿಯನ್ ಬೆಟ್ಟಗಳ ಡೆಸ್ಮೊಗ್ನಾಥಸ್ ಅನ್ನೋ ಸಾಲಮಾಂಡರ್ ಬಳಗ. ಒಂದೇ ಹಳ್ಳ. ದೊಡ್ಡ ಜಾತಿ ನೀರಲ್ಲಿ, ಮಧ್ಯಮದ್ದು ದಡದ ಕಲ್ಲಿನ ಸಂದಿಯಲ್ಲಿ, ಎರಡಿಂಚು ದಾಟದ ಕುಳ್ಳ ಕಾಡಿನ ದರಗಿನಲ್ಲಿ. ನನಗಿದು ಉಲ್ಟಾ ಅನಿಸ್ತು. ಕರವಸ್ತ್ರ ಕಂಬಳಿಗಿಂತ ಬೇಗ ಒಣಗುತ್ತಲ್ವಾ? ಆದ್ರೂ ನೀರು ಬಿಟ್ಟು ಎದ್ದುಬಂದಿದ್ದು ಆ ಪುಟಾಣಿಯೇ. ಅದರ ಮರಿಗೆ ಈಜೋ ಹಂತವೂ ಇಲ್ಲ.

ಸಾಲಮಾಂಡರ್‌ಗಳು ಕಮ್ಮಿಯೇನಿಲ್ಲ, ಕಣ್ಣಿಗೆ ಬೀಳಲ್ಲ, ಅಷ್ಟೇ. ನ್ಯೂ ಹ್ಯಾಂಪ್‌ಶೈರ್‌ನ ಹಬರ್ಡ್ ಬ್ರೂಕ್ ಕಾಡಲ್ಲಿ ತೂಕ ಹಾಕಿದವರಿದ್ದಾರೆ. 1975ರಲ್ಲಿ ಅಚ್ಚಾದ ಆ ಲೆಕ್ಕದ ಪ್ರಕಾರ ಅಲ್ಲಿನ ಸಾಲಮಾಂಡರ್‌ಗಳ ಒಟ್ಟು ತೂಕ ಹಕ್ಕಿಗಳದ್ದನ್ನೂ ಮೀರಿಸುತ್ತೆ.

ಇಷ್ಟು ಓದ್ಕೊಂಡು, ರಾತ್ರಿ ಟಾರ್ಚ್ ಹಿಡಿದು ತೋಟಕ್ಕಿಳಿದ್ವಿ. ಹಳ್ಳದ ಪಕ್ಕ ಒಂದು ಹಾಲುವಾಣದ ಕೊರಡು ಬಿದ್ದು ಕೊಳೀತಿತ್ತು. ಚಿಕ್ಕಪ್ಪ ಮೆಲ್ಲಗೆ ಮಗುಚಿದ್ರು. ಕೆಳಗೆ ಹಸಿಮಣ್ಣಿನ ಗುಳಿ. ಅದರಲ್ಲಿ ಗೇಣುದ್ದದ ಕಪ್ಪು ನೇರಳೆ ಮೈ, ಉದ್ದಕ್ಕೂ ಬಳೆ ಬಳೆ ಗೆರೆ, ಪಕ್ಕೆಗೊಂದು ಹಳದಿ ಪಟ್ಟಿ. ಕಾಲಿಲ್ಲ. ಹಾವಿನಮರಿ ಅಂತ ನಾನು ಹಿಂದೆ ಸರಿದೆ. ಅದು ಸಿಸಿಲಿಯನ್, ಕಪ್ಪೆ–ಸಾಲಮಾಂಡರ್ ಮನೆತನದ ಮೂರನೇ ಕವಲು. ಸುರುಳಿ ಸುತ್ತಿ ಮಲಗಿತ್ತು, ಸುರುಳಿಯ ನಡುವೆ ಸಬ್ಬಕ್ಕಿ ಪಾಯಸದ ಹಾಗೆ ಮೊಟ್ಟೆ.

ಅಮೆರಿಕದ ಕೆಂಪುಬೆನ್ನಿನ ಸಾಲಮಾಂಡರ್ ತಾಯಿಯೂ ಹೀಗೇ ಕೊಳೆತ ಕೊರಡಿನೊಳಗೆ ಮೊಟ್ಟೆ ಕಾಯ್ತಾ ಇರುತ್ತೆ. ಅದರ ಮರಿ ನೀರು ಮುಟ್ಟದೆ ದೊಡ್ಡೋರ ರೂಪದಲ್ಲೇ ಹೊರಗೆ ಬರುತ್ತೆ. ನಮ್ಮ ತೋಟದ ಈ ಮರಿಗಳಿಗೆ ಮಾತ್ರ ಹಳ್ಳ ಬೇಕೇ ಬೇಕು.

ಹತ್ತು ಸೆಕೆಂಡ್ ಕ್ಲಿಪ್ ಸಾಕು ಅಂತ ಕೊರಡನ್ನ ಇದ್ದ ಹಾಗೇ ಮುಚ್ಚಿದ್ವಿ. ಚಿಕ್ಕಪ್ಪ ಕೇಳಿದ್ರು, “ಉಸಿರೇ ಎಳೆಯಲ್ಲ ಅಂತೀಯ, ಆ ಸಾಲಮಾಂಡರ್‌ಗೆ ಮೂಗ್ಯಾಕೋ?” ವಾಸನೆಗೆ. ಮೂಗಿನ ಹೊಳ್ಳೆಯಿಂದ ತುಟಿಗೆ ಸಣ್ಣ ಗೀರಿದೆ. ಮೂತಿಯನ್ನ ನೆಲಕ್ಕೆ ತಾಕಿಸಿದ್ರೆ ತೇವ ಆ ಗೀರಲ್ಲಿ ಮೇಲೇರಿ ವಾಸನೆ ತಲುಪಿಸುತ್ತೆ.

ಇದನ್ನ ವಿವರಿಸೋ ಹೊತ್ತಿಗೆ ಚಿಕ್ಕಪ್ಪ ನನ್ನ ಕಾಲಿಗೆ ಟಾರ್ಚ್ ಬಿಟ್ಟಿದ್ರು. ಮೂರು ಇಂಬಳ. ಸಾಕ್ಸ್ ಒಳಗೆ ಎಷ್ಟಿದ್ವೋ!