ರಾಣಿಯ ತುರುಬು

ಎಲ್ಲರಿಗೂ ನಮಸ್ಕಾರ.

ನಾನು ಇವತ್ತು ಮಾತಾಡಲು ಬಂದಿರುವ ರಾಜಕುಮಾರಿಗೆ ಅರಮನೆ ಇಲ್ಲ. ರಾಣಿ ಎಂಬ ಹೆಸರಿದೆ, ಅಪ್ಪ ಅಮ್ಮ ಮುದ್ದಿನಿಂದ ಇಟ್ಟದ್ದು. ಜೊತೆಗೆ ಉದ್ದ ಕೂದಲಿದೆ. ತುರುಬು ಕಟ್ಟಿದರೆ ಕತ್ತಿನ ಮೇಲೆ ಕರಿನಾಗರ ಸುರುಳಿ ಸುತ್ತಿ ಮಲಗಿದ ಹಾಗೆ ಕಾಣುತ್ತದೆ. ಗಂಡ ಅಪ್ಪಣ್ಣ ಮಧ್ಯಾಹ್ನ ಬಂದು ಉಂಡು, ಹೊರಗಿನಿಂದ ಬೀಗ ಜಡಿದು ಇನ್ನೊಬ್ಬಳ ಮನೆಗೆ ಹೋಗುತ್ತಾನೆ.

ಗಿರೀಶ ಕಾರ್ನಾಡರ ‘ನಾಗಮಂಡಲ’ ಎಂದು ನಿಮಗೆ ಆಗಲೇ ಗೊತ್ತಾಗಿರುತ್ತದೆ. ಹಲವರು 1997ರಲ್ಲಿ ಬಂದ ನಾಗಾಭರಣರ ಸಿನಿಮಾ ನೋಡಿರಬಹುದು. ಎ.ಕೆ. ರಾಮಾನುಜನ್ ಹೇಳಿದ ಎರಡು ಜನಪದ ಕಥೆಗಳು ಈ ನಾಟಕದ ಮೂಲ. ಇಂಥ ಕಥೆಗಳನ್ನು ಮನೆಯ ಹಿರಿಯ ಹೆಂಗಸರು ಸಂಜೆ ಅಡುಗೆಮನೆಯಲ್ಲಿ ಮಕ್ಕಳಿಗೆ ತುತ್ತು ಕೊಡುತ್ತಾ ಹೇಳುತ್ತಿದ್ದರು. ಮಗು ಹೂಂಗುಟ್ಟುತ್ತದೆ, ಆದರೆ ಕಥೆ ತಲುಪುವುದು ಪಕ್ಕದಲ್ಲಿ ಪಾತ್ರೆ ಎತ್ತಿಡುತ್ತಿರುವ ಸೊಸೆಗೆ. ಎದುರೆದುರು ಆಡಲಾಗದ ಮಾತನ್ನು ಆ ಹೆಂಗಸರು ಹಾವಿನ ನೆಪದಲ್ಲಿ ಆಡಿಕೊಂಡರು ಎಂದೇ ನಾನು ನಂಬಿದ್ದೇನೆ.

ಬೀಗ ಹಾಕಿದ ಮನೆಯಲ್ಲಿ ರಾಣಿ ಕನವರಿಸುತ್ತಾಳೆ. ಹದ್ದೊಂದು ಬಂದು ಏಳು ಸಮುದ್ರದಾಚೆಗೆ, ಅಪ್ಪ ಅಮ್ಮ ಕಾದಿರುವ ಮರದಡಿಗೆ ಹೊತ್ತೊಯ್ಯುತ್ತದೆ. ಚಿನ್ನದ ಕೊಂಬಿನ ಸಾರಂಗ ಬಾಗಿಲಲ್ಲಿ ನಿಂತು, ನಾನು ರಾಜಕುಮಾರ ಎನ್ನುತ್ತದೆ. ಅಜ್ಜಿಕಥೆಯ ಪ್ರಾಣಿಗಳೆಲ್ಲ ಅವಳ ಕನಸಿನಲ್ಲಿವೆ, ಮನೆಗೆ ಮಾತ್ರ ಒಂದೂ ಬರುವುದಿಲ್ಲ.

ಬರುವವನು ಬಚ್ಚಲ ಮೋರಿಯಿಂದ ಬರುತ್ತಾನೆ. ಊರಿನ ಕಣ್ಣಿಲ್ಲದ ಮುದುಕಿ ಕುರುಡವ್ವ, ಗಂಡನ ಮನಸ್ಸು ಇವಳತ್ತ ತಿರುಗಲೆಂದು ಬೇರು ಕೊಟ್ಟಿದ್ದಾಳೆ. ರಾಣಿ ಅದನ್ನು ತೇದು ಸಾರಿಗೆ ಬೆರೆಸುತ್ತಾಳೆ. ಸಾರು ರಕ್ತದ ಹಾಗೆ ಕೆಂಪಾಗಿ ಕೊತಕೊತ ಕುದಿಯುತ್ತದೆ. ಇಷ್ಟು ದಿನ ಮುಖ ಕೊಟ್ಟು ಮಾತಾಡದ ಗಂಡ, ಆದರೂ ಅವನಿಗೇನಾದರೂ ಆದರೆ ಎಂಬ ಭಯ ಅವಳಿಗೆ. ಹಾಗಾಗಿ ಸಾರನ್ನು ಒಯ್ದು ಹುತ್ತಕ್ಕೆ ಸುರಿಯುತ್ತಾಳೆ. ಇಡೀ ನಾಟಕದಲ್ಲಿ ನನಗೆ ತುಂಬ ಪ್ರಿಯವಾದ ಗಳಿಗೆ ಇದು. ಅವಳ ಪ್ರೇಮಕಥೆ ಶುರುವಾಗುವುದೇ ಅವಳ ಕರುಣೆಯಿಂದ.

ಅಂದು ರಾತ್ರಿ, ಆ ಸಾರು ಕುಡಿದ ಹುತ್ತದ ನಾಗ ಅಪ್ಪಣ್ಣನ ರೂಪದಲ್ಲಿ ಬರುತ್ತಾನೆ. ಪಕ್ಕ ಕೂತು, ನಿನ್ನ ತವರಿನ ಸುದ್ದಿ ಹೇಳು ಎನ್ನುತ್ತಾನೆ. ಹಗಲಿನ ಗಂಡ ಒಂದು ಮಾತೂ ಕೇಳಿಸಿಕೊಳ್ಳದವನು, ರಾತ್ರಿಯ ಗಂಡ ಇವಳ ಮಾತಿಗೇ ಕಾದಿರುವವನು. ಒಮ್ಮೆ ಕನ್ನಡಿಯಲ್ಲಿ ಹಾವು ಕಂಡು ಅವಳು ಬೆಚ್ಚುತ್ತಾಳೆ. ರಾಣಿಗೆ ಗೊತ್ತಿತ್ತೇ? ಈ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಪ್ರೀತಿಯನ್ನು ಮೊದಲ ಸಲ ಉಂಡವಳಿಗೆ ಬಡಿಸಿದ ಕೈ ಯಾರದೆಂದು ವಿಚಾರಣೆ ಮಾಡಲು ನನಗೆ ಮನಸ್ಸು ಬರುವುದಿಲ್ಲ.

ಊರು ವಿಚಾರಣೆ ಮಾಡಿತು. ರಾಣಿ ಬಸುರಾದಳು, ತಾನು ಅವಳನ್ನು ಮುಟ್ಟಿಯೇ ಇಲ್ಲ ಎಂದು ಅಪ್ಪಣ್ಣ ದೂರಿದ. ಬಸುರಿಯನ್ನು ಹುತ್ತದ ಮುಂದೆ ನಿಲ್ಲಿಸಿತು. ಅವಳು ನಾಗನನ್ನು ಕೈಯಲ್ಲಿ ಹಿಡಿದು, ಗಂಡನನ್ನೂ ಈ ನಾಗಪ್ಪನನ್ನೂ ಬಿಟ್ಟರೆ ಇನ್ನೊಬ್ಬ ಗಂಡಸನ್ನು ಮುಟ್ಟಿದವಳಲ್ಲ ಎಂದು ಆಣೆ ಮಾಡಿದಳು. ಅಕ್ಷರಕ್ಷರವೂ ನಿಜ! ಊರು ಕಾಲಿಗೆ ಬಿತ್ತು, ದೇವಿ ಎಂದಿತು.

ನಾಟಕದಲ್ಲಿ ಕಥೆ ಕೇಳುವವರು ಪಾಳುಗುಡಿಗೆ ಬಂದು ಸೇರಿದ ಊರ ದೀಪಗಳು. ಕೊನೆ ಅವಕ್ಕೆ ಒಪ್ಪಿಗೆಯಾಗುವುದಿಲ್ಲ. ನಾಗ ಅವಳ ಕೂದಲನ್ನೇ ಉರುಳು ಮಾಡಿಕೊಂಡು ಸಾಯುವ ಕೊನೆಯೂ ಸಾಲದೆ ಇನ್ನೊಂದನ್ನು ಕೇಳುತ್ತವೆ. ಅದರಲ್ಲಿ ಹಾವು ಬದುಕಿದೆ. ಅಪ್ಪಣ್ಣ ಕೋಲು ತರಲು ಓಡಿದಾಗ ರಾಣಿ ಬಗ್ಗಿ, ತನ್ನ ಮುತ್ತೈದೆತನದ ಕುರುಹಾದ ಕೂದಲನ್ನು ಇಳಿಬಿಟ್ಟು, ಬೇಗ ಬಾ, ಇದರೊಳಗೆ ಸೇರಿಕೋ ಎಂದು ಕರೆಯುತ್ತಾಳೆ.